ನಿಮ್ಮೂರಿಗೊಂದು ಸೈಫೈ ಕೂಟ

ಅಮೆರಿಕದ ಲಾಸ್ ಏಂಜಲೀಸ್ ಸೈನ್ಸ್ ಫ್ಯಾಂಟಸಿ ಸೊಸೈಟಿಯವರಿಗೆ ಗುರುವಾರವೆಂದರೆ ಸಭೆ. 1934ರ ಅಕ್ಟೋಬರಿನಲ್ಲಿ ಬೆರಳೆಣಿಕೆಯ ಜನ ಸೇರಿ ಶುರುಮಾಡಿದ ಈ ಸಂಘ ಇಂದಿಗೂ ಬದುಕಿದೆ. ವಾರವಾರ ನಡೆದ ಸಭೆಗಳ ಲೆಕ್ಕ 4,000 ದಾಟಿ ಎಷ್ಟೋ ಕಾಲವಾಯಿತು. ಸತ್ತರೂ ಸದಸ್ಯತ್ವದಿಂದ ಬಿಡುಗಡೆಯಿಲ್ಲ ಎನ್ನುವುದು ಅಲ್ಲಿನವರ ಹಳೇ ತಮಾಷೆ. ಇತ್ತ ನಮ್ಮ ಊರುಗಳಲ್ಲಿ ಅದ್ದೂರಿ ಉದ್ಘಾಟನೆ ಕಂಡು, ಎರಡನೆಯ ಸಭೆಗೆ ಕಾರ್ಯದರ್ಶಿಯೊಬ್ಬರೇ ಬಂದು ಕೂತ ಸಂಘಗಳನ್ನು ನೀವೂ ನೋಡಿರುತ್ತೀರಿ.

ವೈಜ್ಞಾನಿಕ ಕಥೆ, ಸೈಫೈ ಸಿನಿಮಾ ಎಂದರೆ ಊಟ ಬಿಟ್ಟು ಕೂರುವ ನಾಲ್ಕು ಜನ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ಒಬ್ಬರ ಸುಳಿವು ಇನ್ನೊಬ್ಬರಿಗಿಲ್ಲ, ಅಷ್ಟೇ. ಅವರನ್ನು ಒಂದೆಡೆ ಸೇರಿಸುವುದು ಹೇಗೆ, ಸೇರಿಸಿದ ಮೇಲೆ ಏನು ಮಾಡಿಸುವುದು, ಕೂಟ ಎರಡನೆಯ ವರ್ಷ ಕಾಣಬೇಕಾದರೆ ಏನನ್ನು ಮಾಡದಿರುವುದು ಒಳ್ಳೆಯದು ಎಂಬುದಷ್ಟೇ ಈ ಬರಹದ ವಿಷಯ.

ಮೊದಲು ದಿನ, ಆಮೇಲೆ ಜಾಗ

ಲಾಸ್ ಏಂಜಲೀಸಿನ ಸಂಘ ಹುಟ್ಟಿದ್ದು ಒಬ್ಬ ಸಂಪಾದಕನ ವ್ಯಾಪಾರದ ಉಪಾಯದಿಂದ. ಹ್ಯೂಗೋ ಗರ್ನ್ಸ್‌ಬ್ಯಾಕ್ ತನ್ನ ‘ವಂಡರ್ ಸ್ಟೋರೀಸ್’ ಪತ್ರಿಕೆಯ ಓದುಗರು ಕೈಬಿಟ್ಟು ಹೋಗದಿರಲೆಂದು 1934ರಲ್ಲಿ ಸೈನ್ಸ್ ಫಿಕ್ಷನ್ ಲೀಗ್ ಶುರುಮಾಡಿದ. ಊರೂರಲ್ಲಿ ಶಾಖೆಗಳೆದ್ದವು; ಲಾಸ್ ಏಂಜಲೀಸಿನದು ನಾಲ್ಕನೆಯದು. ಎರಡೇ ವರ್ಷದಲ್ಲಿ ಗರ್ನ್ಸ್‌ಬ್ಯಾಕ್ ಪತ್ರಿಕೆಯನ್ನೇ ಮಾರಿಬಿಟ್ಟ. ಲೀಗ್ ಸೊರಗಿತು, ಶಾಖೆ ಸೊರಗಲಿಲ್ಲ. 1940ರಲ್ಲಿ ಅದು ತನ್ನದೇ ಹೆಸರಿಟ್ಟುಕೊಂಡು ಸ್ವತಂತ್ರವಾಯಿತು.

ಉಳಿದದ್ದಕ್ಕೆ ನನಗೆ ಕಾಣುವ ಕಾರಣ ಎರಡು: ಗುರುವಾರ ಮತ್ತು ಊಟ. 1930ರ ದಶಕದಲ್ಲಿ ಸಭೆ ಸೇರುತ್ತಿದ್ದುದು ಬ್ರಾಡ್‌ವೇ ಬೀದಿಯ ಕ್ಲಿಫ್ಟನ್ಸ್ ಕೆಫೆಟೇರಿಯಾದ ಒಂದು ಕೋಣೆಯಲ್ಲಿ. ಆರ್ಥಿಕ ಕುಸಿತದ ಕಾಲವದು. ಕೈಯಲ್ಲಿ ದುಡ್ಡಿಲ್ಲದವರೂ ಉಣ್ಣಬಹುದೆಂಬ ನಿಯಮವಿದ್ದ ಹೋಟೆಲ್ಲು. 1937ರಲ್ಲಿ ಅಲ್ಲಿಗೆ ಕಾಲಿಟ್ಟ ಹುಡುಗರಲ್ಲೊಬ್ಬ 17 ವರ್ಷದ ರೇ ಬ್ರಾಡ್ಬರಿ. ಕಾಲೇಜಿಗೆ ಹೋಗುವಷ್ಟು ಅನುಕೂಲವಿರಲಿಲ್ಲ, ಮುಂದೆ ಕೆಲವು ವರ್ಷ ಬೀದಿಯಲ್ಲಿ ಪತ್ರಿಕೆ ಮಾರಿ ಬದುಕಿದ. ಅವನ ಮೊದಲ ಕಥೆಯೊಂದು ಅಚ್ಚಾದದ್ದು ಅದೇ ಸಂಘದ ಪತ್ರಿಕೆಯಲ್ಲಿ, 1938ರಲ್ಲಿ. ಪ್ರತಿಭೆಯನ್ನು ಸಂಘ ಹುಟ್ಟಿಸಿತು ಎಂದು ಹೇಳಲಾರೆ. ವಾರಕ್ಕೊಮ್ಮೆ ಹೋಗಿ ಕೂರಲು ಜಾಗ, ಎದುರಿಗೆ ಕಿವಿಗೊಡುವ ನಾಲ್ಕು ಜನ, ಇಷ್ಟನ್ನು ಕೊಟ್ಟಿತು.

ಲಂಡನ್ನಿನವರದು ಇನ್ನೂ ಸರಳ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಫೆಟರ್ ಲೇನಿನ ವೈಟ್ ಹಾರ್ಸ್ ಎಂಬ ಪಬ್ಬಿನಲ್ಲಿ ಗುರುವಾರ ಸಂಜೆ ಸೇರತೊಡಗಿದರು. ಅಧ್ಯಕ್ಷರಿಲ್ಲ, ಸ್ವಾಗತ ಭಾಷಣವಿಲ್ಲ, ಕಾರ್ಯಕ್ರಮವೂ ಇಲ್ಲ. ಬಂದವರು ಬಂದರು, ಮಾತಾಡಿದರು, ಹೋದರು. ಮುಂದೆ ಶ್ರೀಲಂಕಾದಲ್ಲಿ ನೆಲೆಸಿದ ಆರ್ಥರ್ ಸಿ. ಕ್ಲಾರ್ಕ್ ಆ ಪಬ್ಬಿನ ಖಾಯಂ ಗಿರಾಕಿ. ‘ಟೇಲ್ಸ್ ಫ್ರಮ್ ದ ವೈಟ್ ಹಾರ್ಟ್’ ಎಂಬ ಅವರ 1957ರ ಸಂಕಲನದ ಕಥೆಗಳೆಲ್ಲ ಅಂಥದೇ ಒಂದು ಪಬ್ಬಿನ ಮೇಜಿನ ಸುತ್ತ ನಡೆಯುವ ಹರಟೆ. 1953ರ ಕೊನೆಯಲ್ಲಿ ಪಬ್ಬಿನ ಯಜಮಾನ ಗ್ಲೋಬ್ ಎಂಬ ಬೇರೆ ಪಬ್ಬಿಗೆ ಹೋದಾಗ ಕೂಟವೂ ಅವನ ಹಿಂದೆಯೇ ಹೋಯಿತು.

ಆದ್ದರಿಂದ ನನ್ನ ಮೊದಲ ಸಲಹೆ: ದಿನ ಗೊತ್ತುಮಾಡಿ, ಅದನ್ನು ಮುಟ್ಟಬೇಡಿ. ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕು ಗಂಟೆ ಎಂದರೆ ಎರಡನೆಯ ಭಾನುವಾರವೇ. ಯಾರಿಗೆ ಯಾವ ದಿನ ಅನುಕೂಲ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದಿರೋ, ಕೂಟ ಅಲ್ಲಿಗೆ ಮುಗಿಯಿತು. ಹದಿನೈದು ಜನಕ್ಕೆ ಹದಿನೈದು ಮದುವೆ ಮುಂಜಿಗಳಿರುತ್ತವೆ. ಮೂವರೇ ಬಂದರೂ ಸಭೆ ನಡೆಯಲಿ. ಬಾರದವರಿಗೆ ಮುಂದಿನ ತಿಂಗಳು ಎಲ್ಲಿ, ಯಾವಾಗ ಬರಬೇಕೆಂದು ಕೇಳದೆಯೇ ಗೊತ್ತಿರಬೇಕು.

ಜಾಗಕ್ಕೆ ಬಾಡಿಗೆ ಕೊಡುವ ಗೋಜಿಗೆ ಮೊದಲ ವರ್ಷ ಹೋಗಬೇಡಿ. ಶಾಲೆಯ ಕೋಣೆ, ಗ್ರಂಥಾಲಯ, ಭಾನುವಾರ ಖಾಲಿ ಬಿದ್ದಿರುವ ಟ್ಯೂಷನ್ ಕೇಂದ್ರ, ಯಾರದೋ ಮನೆಯ ತಾರಸಿ, ಯಾವುದಾದರೂ ಆದೀತು. ಬೆಂಗಳೂರಿನ ಬಸವನಗುಡಿಯಲ್ಲಿ 1945ರಿಂದ ಇರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಂಥ ಸಂಸ್ಥೆಗಳನ್ನು ಕೇಳಿ ನೋಡಬಹುದು. ದರ್ಶಿನಿ ಬೇಡ, ಅಲ್ಲಿ ನಿಂತು ತಿಂದು ಹೊರಡಬೇಕು. ಕೂತು ಉಣ್ಣುವ ಹಳೇ ಹೋಟೆಲಾದರೆ ಮಧ್ಯಾಹ್ನದ ಊಟ ಮುಗಿದು ಸಂಜೆಯ ಗಿರಾಕಿ ಬರುವ ನಡುವಿನ ಹೊತ್ತು ಹಿಡಿಯಿರಿ. ಗಂಟೆಗೊಂದು ಸುತ್ತು ಕಾಫಿ, ಒಂದು ಸಲ ಬೋಂಡವೋ ಗಿರಮಿಟ್ಟೋ ತರಿಸಿದರೆ ಯಜಮಾನರ ಮುಖ ಸಪ್ಪಗಾಗುವುದಿಲ್ಲ. ಸಭೆ ಆರೂವರೆಗೆ ಮುಗಿಯಲಿ. ಹೆಣ್ಣುಮಕ್ಕಳು, ಹಳ್ಳಿಯಿಂದ ಬರುವ ವಿದ್ಯಾರ್ಥಿಗಳು ಕಡೆಯ ಬಸ್ಸಿನ ಚಿಂತೆಯಲ್ಲಿ ಗಡಿಯಾರ ನೋಡುತ್ತ ಕೂರುವಂತಾದರೆ ಅವರು ಮತ್ತೆ ಬರುವುದಿಲ್ಲ. ಉಳಿದ ಗಂಡಸರ ಗುಂಪು ಕ್ರಮೇಣ ಹಳಸುತ್ತದೆ.

ಓದುವವರೊಬ್ಬರು, ಹೇಳುವವರೊಬ್ಬರು

ಪುಸ್ತಕ ಚರ್ಚೆ ಎಂದರೆ ಮುಂದಿನ ತಿಂಗಳಿಗೆ 600 ಪುಟದ ಇಂಗ್ಲಿಷ್ ಕಾದಂಬರಿ ಓದಿಬನ್ನಿ ಎನ್ನುವುದು ನಗರದ ಓದುಕೂಟಗಳ ಚಾಳಿ. ಓದಿ ಬರುವವರು ಇಬ್ಬರು, ಓದಿದಂತೆ ತಲೆಯಾಡಿಸುವವರು ಎಂಟು ಜನ. ಇದಕ್ಕೆ ನಮ್ಮಲ್ಲೇ ಒಳ್ಳೆಯ ಮದ್ದಿದೆ. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಕೇಳುವವರು ಮನೆಯಲ್ಲಿ ಓದಿಕೊಂಡು ಬರಬೇಕಾಗಿಲ್ಲ. ಹತ್ತು ಹದಿನೈದು ಪುಟದ ಕಥೆಯನ್ನು ಕನ್ನಡದಲ್ಲಿ ಹೀಗೇ ಓದಿಸಿ. ಒಬ್ಬರು ಗಟ್ಟಿಯಾಗಿ ಓದಲಿ. ಎಲ್ಲಿ ವಿಜ್ಞಾನ ಬಂತೋ ಅಲ್ಲಿ ನಿಲ್ಲಿಸಿ, ಭೌತಶಾಸ್ತ್ರದ ಮೇಷ್ಟ್ರೋ ನರ್ಸಿಂಗ್ ಓದುವ ಹುಡುಗಿಯೋ ಐದು ನಿಮಿಷ ವಿವರಿಸಲಿ. ಓದಿ ಬಂದವರು, ಬಾರದವರು ಎಂಬ ಭೇದ ಅಲ್ಲಿಗೆ ಅಳಿಯುತ್ತದೆ.

ಯಾವ ಕಥೆ? ಮೊದಲ ಸಭೆಗೆ ಜಗದೀಶಚಂದ್ರ ಬೋಸರ ಬಂಗಾಳಿ ಕಥೆಗಿಂತ ಒಳ್ಳೆಯ ಆಯ್ಕೆ ನನಗೆ ತೋರುವುದಿಲ್ಲ. ಕುಂತಲೀನ್ ಎಂಬ ತಲೆಗೂದಲ ಎಣ್ಣೆಯ ಕಂಪನಿ ಏರ್ಪಡಿಸಿದ್ದ ಸ್ಪರ್ಧೆಗೆ 1896ರಲ್ಲಿ ಬರೆದು ಬಹುಮಾನ ಪಡೆದದ್ದು. ಕಲ್ಕತ್ತೆಗೆ ಅಪ್ಪಳಿಸಬೇಕಿದ್ದ ಚಂಡಮಾರುತ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಹಡಗಿನಲ್ಲಿದ್ದ ಒಬ್ಬಾತ ಸಮುದ್ರಕ್ಕೆ ತಲೆಎಣ್ಣೆ ಸುರಿದದ್ದೇ ಅದಕ್ಕೆ ಕಾರಣ! ಜಾಹೀರಾತಿನ ಷರತ್ತನ್ನೂ ಪಾಲಿಸಿ, ಮೇಲ್ಮೈ ಸೆಳೆತವೆಂಬ ವಿಜ್ಞಾನವನ್ನೂ ತಂದು, ವಿಜ್ಞಾನಿಗಳ ಗತ್ತನ್ನೂ ಗೇಲಿಮಾಡಿದ ಕಥೆ. ಬೋಸರು ಇದನ್ನು ತಿದ್ದಿ ಬೆಳೆಸಿ 1921ರಲ್ಲಿ ಮತ್ತೆ ಪ್ರಕಟಿಸಿದರು. ಎರಡನೆಯ ಸಭೆಗೆ ಬೇಗಂ ರೊಕೆಯಾ ಅವರ ‘ಸುಲ್ತಾನಾಸ್ ಡ್ರೀಮ್’ ಇರಲಿ. 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಬಂದ ಕಥೆ. ಅಲ್ಲಿ ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ರಾಜ್ಯವಾಳುತ್ತಾರೆ, ಗಂಡಸರು ಒಳಮನೆಯಲ್ಲಿ ಅಡುಗೆ ನೋಡಿಕೊಂಡಿರುತ್ತಾರೆ. ಜಗಳ ಆಗಿಯೇ ಆಗುತ್ತದೆ, ಆಗಲಿ.

ಈ ಎರಡನ್ನೂ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಭಾರತದ ಕಾಯ್ದೆಯಲ್ಲಿ ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ರೊಕೆಯಾ 1932ರಲ್ಲಿ, ಬೋಸ್ 1937ರಲ್ಲಿ, ಎಚ್. ಜಿ. ವೆಲ್ಸ್ 1946ರಲ್ಲಿ ತೀರಿಕೊಂಡವರು. ಇವರ ಮೂಲ ಕಥೆಗಳನ್ನು ನೀವೇ ಕನ್ನಡಕ್ಕೆ ತಂದು, ಪ್ರತಿ ಮಾಡಿ ಹಂಚಬಹುದು, ಯಾರ ಅಪ್ಪಣೆಯೂ ಬೇಡ. ಇನ್ನೊಬ್ಬರು ಮಾಡಿದ ಹೊಸ ಅನುವಾದಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಕನ್ನಡದ್ದೇ ಬೇಕೆಂದರೆ ರಾಜಶೇಖರ ಭೂಸನೂರಮಠರಿಂದ ಶುರುಮಾಡಿ. ಅವರ ಪುಸ್ತಕ ಹೊಸದಾಗಿ ಸಿಗದಿದ್ದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಹಾಗೆ ಹುಡುಕಿಕೊಂಡು ಹೋಗುವುದೂ ಕೂಟದ ಒಂದು ಕಾರ್ಯಕ್ರಮವೇ.

ಕರಾವಳಿ, ಮಲೆನಾಡಿನವರಿಗೆ ಇನ್ನೂ ಒಂದು ದಾರಿಯಿದೆ. ಮೇರಿ ಶೆಲ್ಲಿಯ 1818ರ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಸೃಷ್ಟಿಸಿದವನೂ ಸೃಷ್ಟಿಯಾದ ಜೀವಿಯೂ ಎದುರುಬದುರಾಗುವ ಭಾಗವನ್ನು ತಾಳಮದ್ದಳೆಯ ಧಾಟಿಯಲ್ಲಿ ಮಾಡಿ ನೋಡಿ. ನನ್ನನ್ನು ಹುಟ್ಟಿಸಿ ಕೈಬಿಟ್ಟೆಯೇಕೆ ಎಂದು ಒಬ್ಬರು ವಾದ ಹೂಡಬೇಕು, ಇನ್ನೊಬ್ಬರು ಅದಕ್ಕೆ ಸ್ಥಳದಲ್ಲೇ ಉತ್ತರ ಕಟ್ಟಬೇಕು. ಅರ್ಥಗಾರಿಕೆಯ ರುಚಿ ಬಲ್ಲ ಹಿರಿಯರು ರೋಬೋ ಕಥೆಯೆಂದು ಮೂಗು ಮುರಿಯುವ ಬದಲು ಕುರ್ಚಿ ಎಳೆದುಕೊಂಡು ಮುಂದೆ ಬಂದು ಕೂರುತ್ತಾರೆ. ಭಾಗವತರು ಸಿಕ್ಕರೆ ಪದ್ಯವನ್ನೂ ಕಟ್ಟಿಸಿ.

ಸಿನಿಮಾ ತೋರಿಸುವ ಮುನ್ನ

ಪ್ರೊಜೆಕ್ಟರ್ ಇದೆ, ಒಟಿಟಿ ಚಂದಾ ಇದೆ, ಬೆಡ್‌ಶೀಟ್ ಕಟ್ಟಿದರೆ ಮುಗಿಯಿತು ಎಂದುಕೊಳ್ಳಬೇಡಿ. ಒಟಿಟಿ ಚಂದಾ ಮನೆಮಂದಿ ನೋಡುವುದಕ್ಕೆ. ಹೊರಗಿನವರನ್ನು ಕರೆದು ತೋರಿಸಬೇಕಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಸಾರ್ವಜನಿಕ ಪ್ರದರ್ಶನವಾದರೆ ಸೆನ್ಸಾರ್ ಪ್ರಮಾಣಪತ್ರದ ಪ್ರಶ್ನೆಯೂ ಏಳುತ್ತದೆ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯಾದ ಮೇಲೆ 60 ವರ್ಷದವರೆಗೆ. ಹೀಗಾಗಿ 1902ರಲ್ಲಿ ಜಾರ್ಜ್ ಮೆಲಿಯೆ ಚಂದ್ರನ ಕಣ್ಣಿಗೇ ರಾಕೆಟ್ ನೆಟ್ಟ ‘ಎ ಟ್ರಿಪ್ ಟು ದ ಮೂನ್’, 1927ರ ‘ಮೆಟ್ರೊಪೊಲಿಸ್’ ಇಂಥವಕ್ಕೆ ಆ ತೊಡಕಿಲ್ಲ. ಹೊಸದಾಗಿ ಸೇರಿಸಿದ ಸಂಗೀತವಿರುವ ಪ್ರತಿಯಾದರೆ ಅದರ ಹಕ್ಕು ಬೇರೆ ಇರಬಹುದು, ನೋಡಿಕೊಳ್ಳಿ. ಮೂಕಿ ಚಿತ್ರಕ್ಕೆ ನಿಮ್ಮವರೇ ಹಾರ್ಮೋನಿಯಂ ನುಡಿಸಿದರೆ ಆ ಚಿಂತೆಯೂ ಇಲ್ಲ, ಮಜವೂ ಹೆಚ್ಚು.

ಇನ್ನೂ ಸುಲಭದ ಉಪಾಯವೆಂದರೆ ಹತ್ತಿರದ ಫಿಲ್ಮ್ ಸೊಸೈಟಿಯ ಜೊತೆ ಸೇರುವುದು. ಬೆಂಗಳೂರಿನ ಸುಚಿತ್ರ 1971ರಿಂದ ಇದೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಚಿತ್ರಸಮಾಜ 1973ರಲ್ಲೇ ಜಗತ್ತಿನ ಸಿನಿಮಾ ತಂದು ತೋರಿಸಿತು. ಪ್ರದರ್ಶನದ ಕಾಗದಪತ್ರಗಳ ಅನುಭವ ಇಂಥವರಿಗಿದೆ. ವರ್ಷಕ್ಕೊಂದು ಸೈಫೈ ವಾರಾಂತ್ಯ ಮಾಡೋಣವೆಂದು ನೀವು ಹೋಗಿ ಕೇಳುವುದಷ್ಟೇ ಬಾಕಿ. ಹೊಸ ಚಿತ್ರವಾದರೆ ಒಟ್ಟಿಗೆ ಟಿಕೆಟ್ ಕೊಂಡು ಥಿಯೇಟರಿಗೆ ಹೋಗಿ, ಆಮೇಲೆ ಮಸಾಲೆದೋಸೆಯ ಮುಂದೆ ಬೈಯಿರಿ.

ವೇಷ, ಪತ್ರಿಕೆ, ಸ್ಪರ್ಧೆ

1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸೈಫೈ ಸಮ್ಮೇಳನ ನಡೆಯಿತು. ಲಾಸ್ ಏಂಜಲೀಸಿನಿಂದ ಬಂದ ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಭವಿಷ್ಯದ ಉಡುಪು ತೊಟ್ಟು ಬೀದಿಯಲ್ಲಿ ನಡೆದರು. ಹೊಲಿದವರು ಡಗ್ಲಸ್. ಪಾತ್ರಗಳ ವೇಷ ತೊಡುವ ಇಂದಿನ ಕಾಸ್‌ಪ್ಲೇ ಅಲ್ಲಿಂದ ಶುರುವೆನ್ನುತ್ತಾರೆ. ಇಷ್ಟಾದರೂ ಬಹುಕಾಲ ಹೆಸರು ಹೇಳಿಸಿಕೊಂಡದ್ದು ಆಕರ್‌ಮನ್, ಸೂಜಿ ಹಿಡಿದ ಹೆಂಗಸಿನ ಹೆಸರು ಅಡಿಟಿಪ್ಪಣಿಯಲ್ಲಿ ಉಳಿಯಿತು. ನಿಮ್ಮ ಕೂಟದಲ್ಲಿ ಹಾಗಾಗದಿರಲಿ.

ವೇಷಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಫೋಮ್ ಶೀಟು, ಅಂಟಿನ ಗನ್ನು, ಸ್ಪ್ರೇ ಬಣ್ಣ, ಹಳೇ ಹೆಲ್ಮೆಟ್ಟು ಸಾಕು. ಮಿಣುಕುವ ಎಲ್ಇಡಿಗೆ ಬೆಂಗಳೂರಿನವರು ಎಸ್.ಪಿ. ರಸ್ತೆಗೆ ಹೋಗುತ್ತಾರೆ, ಉಳಿದವರು ಮೊಬೈಲ್ ರಿಪೇರಿ ಅಂಗಡಿಯವನನ್ನು ಕೇಳಲಿ. ಪರಿಚಯದ ಟೇಲರಿಗೆ ಚಿತ್ರ ತೋರಿಸಿದರೆ ಅವರೂ ಹುರುಪಿನಿಂದ ಹೊಲಿದುಕೊಡುತ್ತಾರೆ, ಹಬ್ಬದ ಸೀಸನ್ನು ಮಾತ್ರ ತಪ್ಪಿಸಿ. ಎರಡು ನಿಯಮ ಕಟ್ಟುನಿಟ್ಟಾಗಿರಲಿ: ಲೋಹದ ಆಯುಧ ತರಕೂಡದು, ವೇಷ ಹಾಕಿದವರನ್ನು ಕೇಳದೆ ಮುಟ್ಟುವುದು, ಫೋಟೊ ತೆಗೆಯುವುದು ಕೂಡದು. ಎರಡನೆಯದನ್ನು ಮುರಿದವರಿಗೆ ಎಷ್ಟೇ ಹಳಬರಾದರೂ ಬಾಗಿಲು ತೋರಿಸಿ.

ಪತ್ರಿಕೆಯ ಹುಚ್ಚು ಈ ಅಭಿಮಾನಿಗಳಿಗೆ ಮೊದಲಿನಿಂದಲೂ ಇದೆ. ಲಾಸ್ ಏಂಜಲೀಸಿನಲ್ಲಿ 1964ರಲ್ಲಿ ಶುರುವಾದ ಒಂದು ಪದ್ಧತಿ ನನಗೆ ಬಹಳ ಹಿಡಿಸಿದ್ದು. ಸಂಪಾದಕ ಮಂಡಳಿ ಎಂಬುದಿಲ್ಲ. ಪ್ರತಿಯೊಬ್ಬರೂ ತಮ್ಮ ಪುಟವನ್ನು ತಾವೇ ಬರೆದು, ಬೇಕಾದಷ್ಟು ಪ್ರತಿ ಮಾಡಿಸಿಕೊಂಡು ಸಭೆಗೆ ತರುತ್ತಾರೆ. ಎಲ್ಲರ ಪುಟಗಳನ್ನೂ ಜೋಡಿಸಿ ಪಿನ್ ಹೊಡೆದರೆ ಆ ವಾರದ ಸಂಚಿಕೆ ಸಿದ್ಧ. ಯಾರ ಬರಹವೂ ತಿರಸ್ಕಾರವಾಗುವುದಿಲ್ಲ, ಯಾರ ಮೇಲೂ ಹೊರೆ ಬೀಳುವುದಿಲ್ಲ. ಕಾಲೇಜಿನ ಕೈಬರಹದ ಪತ್ರಿಕೆ, ಭಿತ್ತಿಪತ್ರಿಕೆಗಳನ್ನು ಕಂಡವರಿಗೆ ಇದು ಹೊಸದೇನಲ್ಲ. ತಿಂಗಳಿಗೊಂದು ಎ4 ಹಾಳೆ, ಹತ್ತು ಜೆರಾಕ್ಸ್, ಇಷ್ಟೇ ಖರ್ಚು.

ಕಥಾ ಸ್ಪರ್ಧೆ ಮಾಡುವುದಾದರೆ ಹೆಸರು ಮರೆಮಾಚಿ ತೀರ್ಪುಗಾರರಿಗೆ ಕೊಡಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಖಭೌತ ವಿಜ್ಞಾನಿ ಜಯಂತ ನಾರ್ಳೀಕರ್ ಕಥೆ ಕಳಿಸಿದ್ದು ನಾರಾಯಣ ವಿನಾಯಕ ಜಗತಾಪ್ ಎಂಬ ಸುಳ್ಳು ಹೆಸರಿನಲ್ಲಿ. ತಮ್ಮ ಇನಿಷಿಯಲ್ಲುಗಳನ್ನೇ ತಿರುಗುಮುರುಗು ಮಾಡಿ ಕಟ್ಟಿದ ಹೆಸರದು. ಕೈಬರಹ ಗುರುತು ಸಿಕ್ಕೀತೆಂದು ಪತ್ನಿಯಿಂದ ಪ್ರತಿ ಮಾಡಿಸಿದ್ದರು. ಮೊದಲ ಬಹುಮಾನ ಬಂತು. ತಮ್ಮ ಖ್ಯಾತಿಗೆ ಮಣಿದು ಕೊಟ್ಟದ್ದಲ್ಲ ಎಂಬ ಸಮಾಧಾನವೂ ಸಿಕ್ಕಿತು. ಊರಿನ ಸಣ್ಣ ಸ್ಪರ್ಧೆಗಳಲ್ಲಿ ತೀರ್ಪುಗಾರರ ಪರಿಚಯದವರೇ ಗೆದ್ದರೆಂಬ ಗೊಣಗಾಟ ತಪ್ಪಿದ್ದಲ್ಲ. ಅದನ್ನು ಮೊದಲೇ ನಿವಾರಿಸಿಕೊಳ್ಳಿ.

ರಾತ್ರಿ ಆಕಾಶ

ವರ್ಷಕ್ಕೊಂದು ರಾತ್ರಿಯನ್ನು ಹೊರಗೆ ಕಳೆಯದ ಸೈಫೈ ಕೂಟ ನನ್ನ ಪ್ರಕಾರ ಅಪೂರ್ಣ. ಉಲ್ಕಾಪಾತ ನೋಡಲು ಪುಸ್ತಕಗಳು ಆಗಸ್ಟಿನ ಪರ್ಸಿಡ್ ಹೆಸರು ಹೇಳುತ್ತವೆ. ಆಗ ನಮಗೆ ಮಳೆಗಾಲ, ಮೋಡ ಬಿಟ್ಟು ಬೇರೇನೂ ಕಾಣದು. ಡಿಸೆಂಬರ್ 13-14ರ ಜೆಮಿನಿಡ್ ನಮ್ಮ ಹವೆಗೆ ಹೇಳಿಮಾಡಿಸಿದ್ದು. ಚಂದ್ರನ ಬೆಳಕು ಎಷ್ಟಿದೆ ಎಂದು ಪಂಚಾಂಗ ನೋಡಿ ಹೊರಡಿ. ದೂರದರ್ಶಕ ಬೇಡ, ಚಾಪೆ, ಕಂಬಳಿ, ಫ್ಲಾಸ್ಕಿನಲ್ಲಿ ಚಹಾ ಸಾಕು. ಜಾಗ ಯಾರದಾದರೂ ತೋಟವಾದರೆ ಅದರ ಮಾಲೀಕರಿಗೂ ಸುತ್ತಲ ಹಳ್ಳಿಯವರಿಗೂ ಮೊದಲೇ ಹೇಳಿ. ನಡುರಾತ್ರಿ ಬಯಲಲ್ಲಿ ಮಲಗಿದ ಹದಿನೈದು ಅಪರಿಚಿತರನ್ನು ಕಂಡರೆ ನಿಧಿಗಳ್ಳರೆಂದು ಯಾರಾದರೂ ಅಂದುಕೊಂಡಾರು.

ಪ್ರವಾಸಕ್ಕೆ ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯ ಇವೆ. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ 2.3 ಮೀಟರಿನ ವೇಣು ಬಾಪು ದೂರದರ್ಶಕವಿದೆ, ಹೋಗುವ ಮೊದಲು ಭೇಟಿಯ ದಿನ ವಿಚಾರಿಸಿಕೊಳ್ಳಿ.

ಸಮ್ಮೇಳನದ ಆಸೆ, ಸಂಘದ ರಾಜಕೀಯ

ಆರು ತಿಂಗಳು ಕೂಟ ನಡೆದರೆ ಯಾರಾದರೂ ರಾಜ್ಯ ಮಟ್ಟದ ಸಮ್ಮೇಳನದ ಮಾತೆತ್ತುತ್ತಾರೆ. ಆ ಉತ್ಸಾಹಕ್ಕೆ ತಣ್ಣೀರೆರಚಿ. ಇಂಗ್ಲೆಂಡಿನವರು 1937ರ ಜನವರಿಯಲ್ಲಿ ಲೀಡ್ಸ್ ನಗರದ ಥಿಯಾಸಾಫಿಕಲ್ ಹಾಲ್‌ನಲ್ಲಿ ಮಾಡಿದ ಸಮ್ಮೇಳನಕ್ಕೆ ಬಂದವರು ಒಂದು ಕೋಣೆಗೆ ಸಾಕಾಗುವಷ್ಟು ಜನ. ನ್ಯೂಯಾರ್ಕಿನ ವಿಶ್ವ ಸಮ್ಮೇಳನಕ್ಕೇ ಸುಮಾರು 200 ಜನ. ಲಾಸ್ ಏಂಜಲೀಸಿನ ಸಂಘ ತನ್ನ ವಾರ್ಷಿಕ ಸಮ್ಮೇಳನ ಲಾಸ್‌ಕಾನ್ ಶುರುಮಾಡಿದ್ದು 1975ರಲ್ಲಿ, ಹುಟ್ಟಿ 40 ವರ್ಷ ದಾಟಿದ ಮೇಲೆ. ಸ್ವಂತ ಕಟ್ಟಡಕ್ಕೆ ಹಣ ಕೂಡಿಸಲು 1964ರಲ್ಲಿ ಹೊರಟವರು ಕೊಂಡದ್ದು 1973ರಲ್ಲಿ. ನೀವು ಮೊದಲ ವಾರ್ಷಿಕೋತ್ಸವಕ್ಕೆ ಒಂದು ದಿನದ ಮೇಳ ಮಾಡಿ: ಬೆಳಿಗ್ಗೆ ಶಾಲಾ ಮಕ್ಕಳಿಗೆ, ಮಧ್ಯಾಹ್ನ ಓದು ಮತ್ತು ತಾಳಮದ್ದಳೆ, ಸಂಜೆ ವೇಷ. ಅಷ್ಟಾದರೆ ಬಹಳಾಯಿತು.

1939ರ ಸಮ್ಮೇಳನದ ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ಸಂಘಟಕರು ಎದುರು ಬಣದ ಆರು ಜನರನ್ನು, ಗಲಾಟೆ ಎಬ್ಬಿಸುತ್ತಾರೆಂಬ ಅನುಮಾನದಿಂದ, ಬಾಗಿಲಲ್ಲೇ ತಡೆದರು. ತಡೆಸಿಕೊಂಡವರಲ್ಲಿ ಫ್ರೆಡರಿಕ್ ಪೋಲ್, ಡೊನಾಲ್ಡ್ ವೋಲ್‌ಹೈಮ್ ಇದ್ದರು. ಮುಂದೆ ಇಬ್ಬರೂ ಸೈಫೈ ಲೋಕದ ದೊಡ್ಡ ಸಂಪಾದಕರಾದರು. ಅದೇ ಬಣದ ಐಸಾಕ್ ಅಸಿಮೋವ್ ಹೇಗೋ ಒಳಹೊಕ್ಕರು. ಆವತ್ತಿನ ಭಾಷಣಗಳು ಯಾರಿಗೂ ನೆನಪಿಲ್ಲ, ಬಾಗಿಲಲ್ಲಿ ನಡೆದದ್ದನ್ನು ಇಂದಿಗೂ ಬರೆಯುತ್ತಾರೆ. ‘ಸ್ಟಾರ್ ವಾರ್ಸ್’ ಸೈಫೈ ಹೌದೋ ಅಲ್ಲವೋ, ಕನ್ನಡದಲ್ಲಿ ಓದುವವರು ಮೇಲೋ ಇಂಗ್ಲಿಷಿನಲ್ಲಿ ಓದುವವರು ಮೇಲೋ ಎಂಬ ತಂಟೆ ನಿಮ್ಮಲ್ಲೂ ಬರುತ್ತದೆ. ವಾದ ನಡೆಯಲಿ, ಬಾಗಿಲು ಮುಚ್ಚುವುದು ಬೇಡ. ಅನುಚಿತ ವರ್ತನೆ ಒಂದಕ್ಕೆ ಮಾತ್ರ ವಿನಾಯಿತಿ ಇಲ್ಲ.

ದುಡ್ಡಿನ ಮಾತು ಚಿಕ್ಕದು. ಬಂದವರು ಬಂದ ದಿನದ ಕಾಫಿ, ಜೆರಾಕ್ಸಿನ ಪಾಲು ಕೊಡಲಿ; ವಿದ್ಯಾರ್ಥಿಗಳಿಗೆ ಮಾಫಿ. ಪ್ರತಿ ಸಭೆಯ ಕೊನೆಗೆ ಲೆಕ್ಕವನ್ನು ಗಟ್ಟಿಯಾಗಿ ಓದಿ. ಒಬ್ಬರ ಯುಪಿಐ ಖಾತೆಗೆ ಎಲ್ಲರ ಹಣವೂ ಹೋಗುತ್ತಿದ್ದರಂತೂ ಇದು ತಪ್ಪಲೇಬಾರದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಬಹುದು, ಬ್ಯಾಂಕ್ ಖಾತೆ ತೆರೆಯಬಹುದು, ಅನುದಾನ ಕೇಳಬಹುದು. ಅದರ ಹಿಂದೆಯೇ ವರ್ಷ ವರ್ಷ ಪಟ್ಟಿ, ಲೆಕ್ಕಪತ್ರ ಸಲ್ಲಿಸುವ ಕೆಲಸವೂ ಬರುತ್ತದೆ. ಎರಡು ವರ್ಷ ಸಭೆ ತಪ್ಪದೆ ನಡೆದರೆ ಆಮೇಲೆ ಯೋಚಿಸಿ. ಪದಾಧಿಕಾರಿಗಳ ಹೆಸರು ಮೊದಲು, ಕೆಲಸ ಆಮೇಲೆ ಎಂದು ಹೊರಟ ಸಂಘಗಳ ಲೆಟರ್‌ಹೆಡ್ಡುಗಳು ನಮ್ಮ ರಾಜ್ಯದಲ್ಲಿ ಈಗಾಗಲೇ ಬೇಕಾದಷ್ಟಿವೆ.

ಇಷ್ಟು ಓದಿದವರು ಇವತ್ತೇ ನಾಲ್ವರಿಗೆ ಫೋನ್ ಮಾಡಿ: ಕಥೆ ಓದುವ ಒಬ್ಬರು, ವಿಜ್ಞಾನ ಕಲಿಸುವ ಒಬ್ಬರು, ಸಿನಿಮಾ ಹುಚ್ಚಿನ ಒಬ್ಬರು, ಒಬ್ಬ ಕಾಲೇಜು ವಿದ್ಯಾರ್ಥಿ. ದಿನವನ್ನು ನೀವೇ ಹೇಳಿ, ಅವರನ್ನು ಕೇಳಬೇಡಿ. ಬೋಸರ ಕಥೆಯ ಐದು ಜೆರಾಕ್ಸ್ ನಿಮ್ಮ ಕೈಯಲ್ಲಿರಲಿ.